ಹೈಡ್ರೋಜನ್ನಿನ ಮೂರು ಐಸೊಟೋಪುಗಳು: ಎಣಿಸಿ, ತೂಗಿ, ಮಾದರಿ ಮಾಡುವ ಕ್ರಮ

ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಮಂಡ್ಯದಿಂದ, ಮೈಸೂರಿನಿಂದ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ನನಗೆ ಬರುವ ಪ್ರಶ್ನೆ ಒಂದೇ: “ಸರ್, ಹೈಡ್ರೋಜನ್ನಿನ ಐಸೊಟೋಪುಗಳ ಮಾದರಿ ಮಾಡುವುದು ಹೇಗೆ?” ಕೇಳುವವರಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿದ್ದಾರೆ, ಪಿಯುಸಿ ವಿದ್ಯಾರ್ಥಿಗಳಿದ್ದಾರೆ, ಮಗಳ ಪ್ರಾಜೆಕ್ಟಿಗಾಗಿ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುವ ಅಪ್ಪ ಅಮ್ಮಂದಿರೂ ಇದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದರೆ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗಾಗಿ ಇಡೀ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಥರ್ಮೋಕೋಲ್ ಚೆಂಡು ಅಂಟಿಸಿ, ಬಣ್ಣ ಬಳಿದು, ಹೆಸರು ಬರೆದರೆ ಮೇಜಿನ ಮೇಲೆ ಇಡುವುದಕ್ಕೆ ಒಂದು ವಸ್ತು ಸಿದ್ಧವಾಗುತ್ತದೆ. ಹೈಡ್ರೋಜನ್ ಅರ್ಥವಾಗುವುದಿಲ್ಲ. ಪ್ರೋಟಾನು, ನ್ಯೂಟ್ರಾನುಗಳನ್ನು ಎಣಿಸುವುದು ಅರ್ಧ ಕೆಲಸ. ಅವುಗಳ ರಾಶಿಯನ್ನು ಕೂಡಿ, ಕಳೆದು ನೋಡುವುದು ಇನ್ನರ್ಧ. ಹೈಡ್ರೋಜನ್ನಿನ ಎರಡು ಭಾರದ ರೂಪಗಳಲ್ಲಿ ಡ್ಯೂಟೀರಿಯಂ ಯಾಕೆ ಎಂದೆಂದಿಗೂ ಹಾಗೆಯೇ ಉಳಿಯುತ್ತದೆ, ಟ್ರಿಟಿಯಂ ಯಾಕೆ ಕ್ಷಯಿಸುತ್ತ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಲೆಕ್ಕದಲ್ಲೇ ಇದೆ. ಅದಕ್ಕೆ ಕೂಡುವುದು, ಕಳೆಯುವುದು, ಒಂದು ಗುಣಾಕಾರ ಬಂದರೆ ಸಾಕು. ಪ್ರೌಢಶಾಲೆಯ ಯಾವ ಮಗು ಬೇಕಾದರೂ ಮಾಡಬಹುದು.

ಏನೇನು ಬೇಕು

ಐವತ್ತು ಮೀಟರ್ ಹುರಿ, ಅಳತೆಯ ಟೇಪು, ಒಂದು ರಾಗಿ ಕಾಳು, ಅಂಗೈಯಗಲದ ಬಿಳಿ ಕಾಗದ, ಎರಡು ಬಣ್ಣದ ಮಣಿಗಳು, ಡ್ರಾಯಿಂಗ್ ಹಾಳೆ, ಕ್ಯಾಲ್ಕುಲೇಟರ್. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಆದರೆ ದಶಮಾಂಶ ಬಿಂದುವಿನ ಬಲಕ್ಕೆ ಆರು ಅಂಕಿಗಳು ಕಾಣಬೇಕು. ಶಾಲೆಯ ಮೈದಾನ ಅರ್ಧ ಗಂಟೆ ಬಿಡುವಾಗಿರಬೇಕು. ದುಡ್ಡು ಕೊಟ್ಟು ಸಿದ್ಧ ಮಾದರಿ ತರುವ ಅಗತ್ಯ ಎಳ್ಳಷ್ಟೂ ಇಲ್ಲ.

ಹಂತ 1: ಕಣಗಳನ್ನು ಗುರುತಿಸಿಕೊಳ್ಳಿ

ಪರಮಾಣುವಿನ ನಡುವೆ ಬೀಜಕೇಂದ್ರ ಇರುತ್ತದೆ. ಕೆಲವು ಪುಸ್ತಕಗಳಲ್ಲಿ ಅದನ್ನೇ ನ್ಯೂಕ್ಲಿಯಸ್ ಎಂದು ಬರೆದಿರುತ್ತಾರೆ. ಅದರೊಳಗೆ ಧನ ವಿದ್ಯುದಾವೇಶವಿರುವ ಪ್ರೋಟಾನು, ಆವೇಶವೇ ಇಲ್ಲದ ನ್ಯೂಟ್ರಾನು. ಹೊರಗೆ ಋಣ ಆವೇಶದ ಎಲೆಕ್ಟ್ರಾನು. ಎಲೆಕ್ಟ್ರಾನನ್ನು 1897ರಲ್ಲಿ ಜೆ. ಜೆ. ಥಾಮ್ಸನ್ ಕಂಡುಹಿಡಿದರು. ಬೀಜಕೇಂದ್ರ ಇದೆ ಎಂದು 1911ರಲ್ಲಿ ರುದರ್‌ಫರ್ಡ್ ತೋರಿಸಿದರು. ನ್ಯೂಟ್ರಾನನ್ನು 1932ರಲ್ಲಿ ಜೇಮ್ಸ್ ಚಾಡ್ವಿಕ್ ಪತ್ತೆ ಮಾಡಿದರು.

ಈ ಕಣಗಳ ರಾಶಿಯನ್ನು ಗ್ರಾಮಿನಲ್ಲಿ ಹೇಳಿದರೆ ಸೊನ್ನೆಗಳ ಸಾಲೇ ಬರುತ್ತದೆ. ಅದಕ್ಕಾಗಿ ವಿಜ್ಞಾನಿಗಳು ಒಂದು ಚಿಕ್ಕ ಮಾನವನ್ನು ಇಟ್ಟುಕೊಂಡಿದ್ದಾರೆ. ಕಾರ್ಬನ್-12 ಪರಮಾಣುವಿನ ರಾಶಿಯ ಹನ್ನೆರಡನೇ ಒಂದು ಭಾಗಕ್ಕೆ ಒಂದು ‘ಯು’ ಎಂದು ಹೆಸರು. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಮೂರು ಸಂಖ್ಯೆಗಳನ್ನು ಬರೆದುಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತವೆ.

ಪ್ರೋಟಾನ್ = 1.007276 ಯು
ನ್ಯೂಟ್ರಾನ್ = 1.008665 ಯು
ಎಲೆಕ್ಟ್ರಾನ್ = 0.000549 ಯು

ಪ್ರೋಟಾನು ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ. ನ್ಯೂಟ್ರಾನು ಪ್ರೋಟಾನಿಗಿಂತ ಕೂದಲೆಳೆಯಷ್ಟು ಹೆಚ್ಚು ಭಾರ. ಈ ಕೂದಲೆಳೆಯ ವ್ಯತ್ಯಾಸವನ್ನು ಮರೆಯಬೇಡಿ, ಐದನೇ ಹಂತದಲ್ಲಿ ಅದೇ ನಿರ್ಣಾಯಕ.

ಪಿಯುಸಿ ವಿದ್ಯಾರ್ಥಿಗಳು ಇನ್ನೊಂದು ಮೆಟ್ಟಿಲು ಒಳಗೆ ಇಳಿಯಬಹುದು. ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಕಣಗಳಿವೆ: ಎರಡು ‘ಅಪ್’, ಒಂದು ‘ಡೌನ್’. ಅಪ್ ಕ್ವಾರ್ಕಿನ ಆವೇಶ ಮೂರನೇ ಎರಡು, ಡೌನ್ ಕ್ವಾರ್ಕಿನದು ಋಣ ಮೂರನೇ ಒಂದು. ಕೂಡಿ ನೋಡಿ, ಒಂದು ಬರುತ್ತದೆ. ನ್ಯೂಟ್ರಾನಿನಲ್ಲಿ ಒಂದು ಅಪ್, ಎರಡು ಡೌನ್, ಕೂಡಿದರೆ ಸೊನ್ನೆ. ಈ ಮೂರು ಕ್ವಾರ್ಕುಗಳ ಸ್ವಂತ ರಾಶಿ ಪ್ರೋಟಾನಿನ ಒಟ್ಟು ರಾಶಿಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದೆಲ್ಲ ಅವುಗಳ ಚಲನೆಯ ಮತ್ತು ಅವುಗಳನ್ನು ಹಿಡಿದಿಟ್ಟಿರುವ ಬಲದ ಶಕ್ತಿ. ನನಗೆ ಭೌತವಿಜ್ಞಾನದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಕಂಡಿಲ್ಲ. ಆದರೂ ಪ್ರೌಢಶಾಲೆಯ ಮಾದರಿಯಲ್ಲಿ ಕ್ವಾರ್ಕ್ ತೋರಿಸುವುದು ಬೇಡ. ಮೂರು ಕಣಗಳನ್ನು ಸರಿಯಾಗಿ ತೋರಿಸಿದರೆ ಸಾಕು.

ಹಂತ 2: ಎಣಿಸಿ

ಧಾತುವಿಗೆ ಹೆಸರು ಕೊಡುವುದು ಪ್ರೋಟಾನಿನ ಸಂಖ್ಯೆ. ಒಂದು ಪ್ರೋಟಾನ್ ಇದ್ದರೆ ಹೈಡ್ರೋಜನ್, ಎರಡಿದ್ದರೆ ಹೀಲಿಯಂ. ಈ ಸಂಖ್ಯೆಗೆ ಪರಮಾಣು ಸಂಖ್ಯೆ ಎನ್ನುತ್ತಾರೆ. ಪ್ರೋಟಾನು, ನ್ಯೂಟ್ರಾನು ಎರಡನ್ನೂ ಕೂಡಿದರೆ ರಾಶಿ ಸಂಖ್ಯೆ. ಪ್ರೋಟಾನಿನ ಸಂಖ್ಯೆ ಒಂದೇ ಆಗಿದ್ದು ನ್ಯೂಟ್ರಾನಿನ ಸಂಖ್ಯೆ ಬೇರೆಯಾಗಿದ್ದರೆ ಅವು ಐಸೊಟೋಪುಗಳು. ಕನ್ನಡ ಪುಸ್ತಕಗಳಲ್ಲಿ ಸಮಸ್ಥಾನಿಗಳು ಎಂದೂ ಇರುತ್ತದೆ.

ಪ್ರೋಟಿಯಂ: ಪ್ರೋಟಾನ್ 1, ನ್ಯೂಟ್ರಾನ್ 0, ಎಲೆಕ್ಟ್ರಾನ್ 1. ರಾಶಿ ಸಂಖ್ಯೆ 1.
ಡ್ಯೂಟೀರಿಯಂ: ಪ್ರೋಟಾನ್ 1, ನ್ಯೂಟ್ರಾನ್ 1, ಎಲೆಕ್ಟ್ರಾನ್ 1. ರಾಶಿ ಸಂಖ್ಯೆ 2.
ಟ್ರಿಟಿಯಂ: ಪ್ರೋಟಾನ್ 1, ನ್ಯೂಟ್ರಾನ್ 2, ಎಲೆಕ್ಟ್ರಾನ್ 1. ರಾಶಿ ಸಂಖ್ಯೆ 3.

ಇಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಮೊದಲನೆಯದು, ಪ್ರೋಟಿಯಂನಲ್ಲಿ ಒಂದು ನ್ಯೂಟ್ರಾನ್ ಬರೆದುಬಿಡುವುದು. “ಪ್ರತಿ ಪರಮಾಣುವಿನಲ್ಲೂ ನ್ಯೂಟ್ರಾನ್ ಇರುತ್ತದೆ” ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಪ್ರೋಟಿಯಂ ಅದಕ್ಕೆ ಹೊರತು. ನ್ಯೂಟ್ರಾನೇ ಇಲ್ಲದೆ ಸ್ಥಿರವಾಗಿ ನಿಂತಿರುವ ಬೀಜಕೇಂದ್ರ ಇದೊಂದೇ. ಎರಡನೆಯದು, ನ್ಯೂಟ್ರಾನು ಹೆಚ್ಚಾದಂತೆ ಎಲೆಕ್ಟ್ರಾನನ್ನೂ ಹೆಚ್ಚಿಸುವುದು. ನ್ಯೂಟ್ರಾನಿಗೆ ಆವೇಶವೇ ಇಲ್ಲದಿರುವಾಗ ಅದನ್ನು ಸರಿದೂಗಿಸಲು ಎಲೆಕ್ಟ್ರಾನ್ ಏಕೆ ಬೇಕು? ಮೂರರಲ್ಲೂ ಎಲೆಕ್ಟ್ರಾನ್ ಒಂದೇ. ರಾಸಾಯನಿಕ ಗುಣವನ್ನು ನಿರ್ಧರಿಸುವುದು ಎಲೆಕ್ಟ್ರಾನ್ ಆದ್ದರಿಂದ ಮೂರೂ ಆಕ್ಸಿಜನ್ನಿನೊಂದಿಗೆ ಸೇರಿ ನೀರೇ ಆಗುತ್ತವೆ.

ನಾಲ್ಕರಿಂದ ಏಳರವರೆಗಿನ ರಾಶಿ ಸಂಖ್ಯೆಯ ಹೈಡ್ರೋಜನ್ನುಗಳನ್ನೂ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಅವು ಹುಟ್ಟಿದ ಕ್ಷಣದಲ್ಲೇ ಒಡೆದುಹೋಗುವುದರಿಂದ ನಮ್ಮ ಮಾದರಿಗೆ ಸೇರಿಸುವುದು ಬೇಡ.

ಹಂತ 3: ಮೈದಾನದಲ್ಲಿ ಅಳೆಯಿರಿ

ಪ್ರೋಟಾನಿನ ತ್ರಿಜ್ಯ ಸುಮಾರು 0.84 ಫೆಮ್ಟೊಮೀಟರ್. ಒಂದು ಮೀಟರನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಒಂದು ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಮೀಟರ್. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನು ಬೀಜಕೇಂದ್ರದಿಂದ ಎಷ್ಟು ದೂರದಲ್ಲಿ ಸಿಗುವ ಸಂಭವ ಅತಿ ಹೆಚ್ಚೋ ಆ ದೂರ ಸುಮಾರು 52,900 ಫೆಮ್ಟೊಮೀಟರ್. ಇದಕ್ಕೆ ಬೋರ್ ತ್ರಿಜ್ಯ ಎಂದು ಹೆಸರು. ನೀಲ್ಸ್ ಬೋರ್ 1913ರಲ್ಲಿ ಲೆಕ್ಕ ಹಾಕಿ ಕೊಟ್ಟ ಅಳತೆ ಇದು. ಭಾಗಿಸಿದರೆ ಸುಮಾರು 63,000 ಬರುತ್ತದೆ.

ಈಗ ಶಾಲೆಯ ಮೈದಾನದ ನಟ್ಟನಡುವೆ ಬಿಳಿ ಕಾಗದ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಮಧ್ಯದಲ್ಲಿ ಒಂದು ರಾಗಿ ಕಾಳು ಇಡಿ. ಕಾಳಿನ ಅಡ್ಡಳತೆ ಒಂದೂವರೆ ಮಿಲಿಮೀಟರ್ ಎಂದುಕೊಳ್ಳೋಣ. ಅದು ನಿಮ್ಮ ಪ್ರೋಟಾನ್. ಅಲ್ಲಿಂದ ಹುರಿ ಎಳೆಯುತ್ತ 47 ಮೀಟರ್ ನಡೆಯಿರಿ. ನೀವು ನಿಂತ ಜಾಗ ಎಲೆಕ್ಟ್ರಾನಿನ ಆ ದೂರ. ತಿರುಗಿ ನೋಡಿದರೆ ಕಾಗದ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಕಾಳು ಕಾಣುವುದೇ ಇಲ್ಲ. ನಡುವಿನ ಜಾಗದಲ್ಲಿ ಬೇರೆ ಯಾವ ಕಣವೂ ಇಲ್ಲ. ಈ ಫೋಟೊವನ್ನು ತೆಗೆದಿಟ್ಟುಕೊಳ್ಳಿ, ಪ್ರದರ್ಶನದ ಹಾಳೆಗೆ ಅಂಟಿಸಲು ಬೇಕಾಗುತ್ತದೆ.

ಥರ್ಮೋಕೋಲ್ ಮಾದರಿ ತಪ್ಪು ದಾರಿ ಹಿಡಿಸುವುದು ಇಲ್ಲೇ. ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಚೆಂಡನ್ನು ಪ್ರೋಟಾನ್ ಎಂದು ಇಟ್ಟರೆ ಎಲೆಕ್ಟ್ರಾನನ್ನು ಸುಮಾರು ಒಂದೂಕಾಲು ಕಿಲೋಮೀಟರ್ ದೂರದಲ್ಲಿ ಇಡಬೇಕು. ನೀವು ಇಡುವುದು ಒಂದು ಗೇಣು ದೂರದಲ್ಲಿ. ಆದ್ದರಿಂದ ಮೇಜಿನ ಮಾದರಿಯ ಕೆಳಗೆ “ಅಳತೆಗೆ ತಕ್ಕಂತೆ ಇಲ್ಲ” ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಬರೆಯದಿದ್ದರೆ ನೋಡಿದವರು ಅದನ್ನೇ ನಿಜವೆಂದುಕೊಂಡು ಹೋಗುತ್ತಾರೆ.

ಇನ್ನೊಂದು ಎಚ್ಚರಿಕೆ. 47 ಮೀಟರಿನಲ್ಲಿ ಗೋಡೆ ಇದೆ, ಎಲೆಕ್ಟ್ರಾನು ಅದರ ಮೇಲೆ ಸುತ್ತುತ್ತದೆ ಎಂದು ಹೇಳಬೇಡಿ. ಎಲೆಕ್ಟ್ರಾನಿಗೆ ಗೆರೆ ಕೊರೆದ ದಾರಿ ಇಲ್ಲ. ಕೆಲವು ಕಡೆ ಅದು ಸಿಗುವ ಸಂಭವ ಹೆಚ್ಚು, ಕೆಲವು ಕಡೆ ಕಡಿಮೆ. ಪರೀಕ್ಷೆಯಲ್ಲಿ ಬೋರ್ ಮಾದರಿ ಕೇಳಿದರೆ ವೃತ್ತ ಎಳೆಯಿರಿ, ಅಂಕ ಅದಕ್ಕೇ ಇರುತ್ತದೆ. ವಸ್ತುಪ್ರದರ್ಶನದಲ್ಲಿ ಮಾತ್ರ ಪೆನ್ಸಿಲಿನಿಂದ ನಡುವೆ ದಟ್ಟವಾಗಿ, ಹೊರಹೋದಂತೆ ತೆಳುವಾಗಿ ಚುಕ್ಕಿ ಇಟ್ಟ ಮೋಡದ ಚಿತ್ರವನ್ನೂ ಪಕ್ಕದಲ್ಲಿ ಇಡಿ.

ಹಂತ 4: ತೂಗಿ

ಈ ಹಂತಕ್ಕೆ ಸಮಯ ಕೊಡಿ, ಅವಸರ ಬೇಡ. ಬಿಡಿಬಿಡಿ ಕಣಗಳ ರಾಶಿಯನ್ನು ಕೂಡಿ, ಇಡೀ ಪರಮಾಣುವಿನ ರಾಶಿಯೊಂದಿಗೆ ಹೋಲಿಸುವುದು ಕೆಲಸ. ಪರಮಾಣುಗಳ ಅಳೆದ ರಾಶಿ ಹೀಗಿದೆ: ಪ್ರೋಟಿಯಂ 1.007825 ಯು, ಡ್ಯೂಟೀರಿಯಂ 2.014102 ಯು, ಟ್ರಿಟಿಯಂ 3.016049 ಯು.

ಪ್ರೋಟಿಯಂನಿಂದ ಆರಂಭಿಸಿ. ಪ್ರೋಟಾನ್ 1.007276, ಎಲೆಕ್ಟ್ರಾನ್ 0.000549. ಕೂಡಿದರೆ 1.007825. ಅಳೆದದ್ದೂ ಅಷ್ಟೇ. ಆರು ಅಂಕಿಗಳವರೆಗೆ ಲೆಕ್ಕ ಚುಕ್ತಾ.

ಈಗ ಡ್ಯೂಟೀರಿಯಂ. ಪ್ರೋಟಾನ್ 1.007276, ನ್ಯೂಟ್ರಾನ್ 1.008665, ಎಲೆಕ್ಟ್ರಾನ್ 0.000549. ಕೂಡಿದರೆ 2.016490. ಅಳೆದದ್ದು 2.014102. ಎಷ್ಟು ಸಲ ಕೂಡಿದರೂ 0.002388 ಕಡಿಮೆಯೇ ಬರುತ್ತದೆ. ಲೆಕ್ಕ ತಪ್ಪಿತೆಂದು ಅಳಿಸಬೇಡಿ, ಅದು ಸರಿಯಾಗಿದೆ. ಬಿಡಿಯಾಗಿದ್ದ ಪ್ರೋಟಾನು, ನ್ಯೂಟ್ರಾನು ಸೇರಿ ಒಂದಾಗುವಾಗ ಅಷ್ಟು ರಾಶಿ ಶಕ್ತಿಯಾಗಿ ಹೊರಗೆ ಹೋಗಿರುತ್ತದೆ. ಇದನ್ನು ರಾಶಿ ಕೊರತೆ ಎನ್ನುತ್ತಾರೆ. ಅವೆರಡನ್ನು ಮತ್ತೆ ಬೇರ್ಪಡಿಸಬೇಕಾದರೆ ಅದೇ ಶಕ್ತಿಯನ್ನು ನಾವು ಹೊರಗಿನಿಂದ ತುಂಬಿಕೊಡಬೇಕು. ಆದ್ದರಿಂದ ಅದಕ್ಕೆ ಬಂಧನ ಶಕ್ತಿ ಎಂಬ ಹೆಸರೂ ಇದೆ.

ಎಷ್ಟು ಶಕ್ತಿ? ಒಂದು ಯು ರಾಶಿಯು 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸಮ. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸೂತ್ರದಿಂದ ಬರುವ ಸಂಖ್ಯೆ ಇದು. ಎಲೆಕ್ಟ್ರಾನ್ ವೋಲ್ಟ್ ಎಂದರೆ ಒಂದು ಎಲೆಕ್ಟ್ರಾನು ಒಂದು ವೋಲ್ಟ್ ವ್ಯತ್ಯಾಸವನ್ನು ದಾಟುವಾಗ ಪಡೆಯುವ ಶಕ್ತಿ. 0.002388ನ್ನು 931.5ರಿಂದ ಗುಣಿಸಿ. ಸುಮಾರು 2.22 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ಟ್ರಿಟಿಯಂ ಲೆಕ್ಕವನ್ನು ನೀವೇ ಮಾಡಿ. ಬಿಡಿ ಕಣಗಳ ಮೊತ್ತ 3.025155 ಬರಬೇಕು, ಕೊರತೆ 0.009106, ಬಂಧನ ಶಕ್ತಿ ಸುಮಾರು 8.48 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ಹಾಗಾದರೆ ಪ್ರೋಟಿಯಂನಲ್ಲಿ ಎಲೆಕ್ಟ್ರಾನನ್ನು ಹಿಡಿದಿಟ್ಟ ಶಕ್ತಿ ಎಲ್ಲಿ ಹೋಯಿತು? ಅದೂ ಇದೆ, ಕೇವಲ 13.6 ಎಲೆಕ್ಟ್ರಾನ್ ವೋಲ್ಟ್. ಅದರ ಕೊರತೆ ಎಂಟನೇ ದಶಮಾಂಶ ಸ್ಥಾನದಲ್ಲಿ ಮಾತ್ರ ಕಾಣುತ್ತದೆ, ನಮ್ಮ ಆರು ಅಂಕಿಗಳಿಗೆ ಸಿಗುವುದಿಲ್ಲ. ಒಂದು ಕಡೆ 13.6, ಇನ್ನೊಂದು ಕಡೆ 22 ಲಕ್ಷ. ಬೆಂಕಿಯಲ್ಲಿ ಸಿಗುವ ಶಕ್ತಿಗೂ ಬೀಜಕೇಂದ್ರದ ಶಕ್ತಿಗೂ ಇರುವ ಅಂತರ ಇದೇ.

ಈ ಹಂತದಲ್ಲಿ ಆಗುವ ತಪ್ಪುಗಳನ್ನು ಗಮನಿಸಿ. ರಾಶಿ ಸಂಖ್ಯೆಯನ್ನೇ ರಾಶಿ ಎಂದು ಹಿಡಿದು ಒಂದಕ್ಕೆ ಒಂದು ಕೂಡಿದರೆ ಎರಡು ಬರುತ್ತದೆ, ಕೊರತೆ ಕಾಣುವುದೇ ಇಲ್ಲ. ರಾಶಿ ಸಂಖ್ಯೆ ಎಣಿಕೆಯಿಂದ ಬಂದದ್ದು, ಪೂರ್ಣಾಂಕ. ಪರಮಾಣು ರಾಶಿ ಅಳತೆಯಿಂದ ಬಂದದ್ದು. ಹಾಗೆಯೇ ಒಂದು ಕಡೆ ಎಲೆಕ್ಟ್ರಾನ್ ಸೇರಿಸಿ, ಇನ್ನೊಂದು ಕಡೆ ಬಿಟ್ಟರೆ ಉತ್ತರ ಹಳ್ಳ ಹಿಡಿಯುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತಪ್ಪು ಕಲ್ಪನೆ ಮೇಷ್ಟರುಗಳಲ್ಲೂ ಇದೆ. ಆವರ್ತಕ ಕೋಷ್ಟಕದಲ್ಲಿ ಹೈಡ್ರೋಜನ್ನಿನ ಪರಮಾಣು ರಾಶಿ 1.008 ಎಂದಿರುತ್ತದೆ. ಆ 0.008 ಡ್ಯೂಟೀರಿಯಂ ಬೆರೆತಿರುವುದರಿಂದ ಬಂತು ಎಂದು ಹೇಳಿಕೊಡುತ್ತಾರೆ. ಲೆಕ್ಕ ಹಾಕಿ ನೋಡಿ. ಶುದ್ಧ ಪ್ರೋಟಿಯಂನದೇ 1.007825 ಇದೆ. ಡ್ಯೂಟೀರಿಯಂ ಹತ್ತು ಸಾವಿರದಲ್ಲಿ ಸುಮಾರು ಒಂದೂವರೆ ಪಾಲು ಮಾತ್ರ ಇರುವುದರಿಂದ ಅದು ಸೇರಿಸುವುದು ಸುಮಾರು 0.00015. ಅಂದರೆ 0.008ರ ಬಹುಪಾಲು ಪ್ರೋಟಿಯಂನದೇ. ನಮ್ಮ ಮಾನ ಕಾರ್ಬನ್-12ರಿಂದ ಬಂದದ್ದು, ಕಾರ್ಬನ್ನಿನ ಕಣಗಳು ಬಿಗಿಯಾಗಿ ಬಂಧಿತವಾಗಿ ರಾಶಿ ಕಳೆದುಕೊಂಡಿವೆ. ಒಂಟಿ ಪ್ರೋಟಾನು ಏನನ್ನೂ ಕಳೆದುಕೊಂಡಿಲ್ಲ, ಹಾಗಾಗಿ ಒಂದಕ್ಕಿಂತ ತುಸು ಹೆಚ್ಚು ತೂಗುತ್ತದೆ.

ಹಂತ 5: ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ

ಬೀಜಕೇಂದ್ರದ ಹೊರಗೆ ಒಂಟಿಯಾಗಿ ಬಿಟ್ಟ ನ್ಯೂಟ್ರಾನು ಬಹಳ ಹೊತ್ತು ಬಾಳುವುದಿಲ್ಲ. ಅದು ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಎಂಬ ಅತಿ ಹಗುರ ಕಣವಾಗಿ ಒಡೆಯುತ್ತದೆ. ನ್ಯೂಟ್ರಾನುಗಳ ಗುಂಪೊಂದರಲ್ಲಿ ಸುಮಾರು ಹತ್ತು ನಿಮಿಷದಲ್ಲಿ ಅರ್ಧದಷ್ಟು ಹೀಗೆ ಹೋಗಿಬಿಡುತ್ತವೆ. ಕಾರಣ ತೂಕದಲ್ಲಿದೆ. ನ್ಯೂಟ್ರಾನ್ 1.008665, ಪ್ರೋಟಾನ್ ಎಲೆಕ್ಟ್ರಾನ್ ಸೇರಿ 1.007825. ಕೈಯಲ್ಲಿ 0.000840 ಮಿಕ್ಕುತ್ತದೆ. ಮಿಕ್ಕುವಂತಿದ್ದರೆ ಒಡೆಯಬಹುದು, ಸಾಲದಿದ್ದರೆ ಒಡೆಯಲಾಗದು. ಇದೊಂದೇ ನಿಯಮವನ್ನು ಹಿಡಿದುಕೊಂಡು ಮುಂದೆ ಹೋಗಿ.

ಡ್ಯೂಟೀರಿಯಂನಲ್ಲಿ ಅದೇ ನ್ಯೂಟ್ರಾನ್ ಇದೆ. ಅದೇಕೆ ಒಡೆಯುವುದಿಲ್ಲ? ಒಡೆದರೆ ಎರಡು ಪ್ರೋಟಾನು, ಎರಡು ಎಲೆಕ್ಟ್ರಾನು ಉಳಿಯುತ್ತವೆ, ಅಂದರೆ ಎರಡು ಪ್ರೋಟಿಯಂ ಪರಮಾಣುಗಳಷ್ಟು ರಾಶಿ. ಎರಡು ಸಲ 1.007825 ಎಂದರೆ 2.015650. ಡ್ಯೂಟೀರಿಯಂ ಬಳಿ ಇರುವುದು 2.014102. ಮಿಕ್ಕುವುದಿರಲಿ, 0.001548 ಸಾಲುವುದಿಲ್ಲ. ಆದ್ದರಿಂದ ಆ ನ್ಯೂಟ್ರಾನು ಅಲ್ಲಿಯೇ ಸುರಕ್ಷಿತ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಉಂಟಾದ ಡ್ಯೂಟೀರಿಯಂ ಇಂದಿಗೂ ನಮ್ಮ ಕಾವೇರಿ ನೀರಿನಲ್ಲಿ ಇರುವುದು ಈ ಸಣ್ಣ ಕೊರತೆಯ ದೆಸೆಯಿಂದ.

ಟ್ರಿಟಿಯಂ ನೋಡಿ. ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆದರೆ ಹೀಲಿಯಂ-3 ಬರುತ್ತದೆ. ಹೀಲಿಯಂ-3ರ ರಾಶಿ 3.016029, ಟ್ರಿಟಿಯಂನದು 3.016049. ಮಿಕ್ಕುವುದು 0.000020 ಮಾತ್ರ, ಆದರೂ ಮಿಕ್ಕುತ್ತದೆ. ಹಾಗಾಗಿ ಟ್ರಿಟಿಯಂ ಒಡೆಯುತ್ತದೆ, ನಿಧಾನವಾಗಿ ಒಡೆಯುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲ, ಸುಮಾರು 12.3 ವರ್ಷ. ಹೊರಬರುವ ಎಲೆಕ್ಟ್ರಾನಿನ ಶಕ್ತಿ ಹೆಚ್ಚೆಂದರೆ 18.6 ಸಾವಿರ ಎಲೆಕ್ಟ್ರಾನ್ ವೋಲ್ಟ್. ಇದು ಎಷ್ಟು ದುರ್ಬಲವೆಂದರೆ ನಮ್ಮ ಚರ್ಮದ ಹೊರಪದರವೇ ಅದನ್ನು ತಡೆಯುತ್ತದೆ. ಟ್ರಿಟಿಯಂ ಬೆರೆತ ನೀರನ್ನು ಕುಡಿದರೆ ಅಥವಾ ಆವಿಯನ್ನು ಉಸಿರಾಡಿದರೆ ಅದು ದೇಹದೊಳಗೆ ಸೇರುತ್ತದೆ, ಅಪಾಯ ಇರುವುದು ಆಗ.

ಅರ್ಧಾಯುಷ್ಯ ಎರಡು ಸಲ ಕಳೆದರೆ ಎಲ್ಲವೂ ಮುಗಿಯಿತು ಎಂದು ಬರೆಯುವವರಿದ್ದಾರೆ. ಸಾವಿರ ಪರಮಾಣು ಇದ್ದರೆ 12.3 ವರ್ಷಕ್ಕೆ ಸುಮಾರು 500, 24.6 ವರ್ಷಕ್ಕೆ 250, 36.9 ವರ್ಷಕ್ಕೆ 125 ಉಳಿಯುತ್ತವೆ. ಗ್ರಾಫ್ ಎಳೆಯುವಾಗ ಗೆರೆ ಬಾಗಬೇಕು, ನೇರವಾಗಿ ಇಳಿದು ಸೊನ್ನೆ ಮುಟ್ಟಬಾರದು. ಟ್ರಿಟಿಯಂ ಮತ್ತು ಹೀಲಿಯಂ-3 ಎರಡರ ರಾಶಿ ಸಂಖ್ಯೆಯೂ ಮೂರೇ ಆದರೂ ಅವು ಐಸೊಟೋಪುಗಳಲ್ಲ. ಧಾತು ಬೇರೆ, ರಾಶಿ ಸಂಖ್ಯೆ ಒಂದೇ. ಅಂಥವುಗಳಿಗೆ ಐಸೊಬಾರ್ ಎನ್ನುತ್ತಾರೆ.

ಒಡೆದು ಹೋಗುತ್ತಿದ್ದರೂ ಟ್ರಿಟಿಯಂ ಇನ್ನೂ ಇರುವುದು ಹೇಗೆ? ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗದಲ್ಲಿ ನ್ಯೂಟ್ರಾನುಗಳನ್ನು ಉಂಟುಮಾಡುತ್ತವೆ, ಅವು ನೈಟ್ರೋಜನ್ನಿಗೆ ಬಡಿದು ಹೊಸ ಟ್ರಿಟಿಯಂ ಹುಟ್ಟುತ್ತದೆ, ಮಳೆಯೊಂದಿಗೆ ಕೆಳಗೆ ಬರುತ್ತದೆ. ಬೋರ್‌ವೆಲ್ಲಿನ ನೀರು ಇತ್ತೀಚಿನ ಮಳೆಯದೋ, ಬಹಳ ಹಿಂದೆ ಇಂಗಿದ್ದೋ ಎಂದು ತಿಳಿಯಲು ಭೂಜಲ ವಿಜ್ಞಾನಿಗಳು ಟ್ರಿಟಿಯಂ ಪ್ರಮಾಣವನ್ನು ಅಳೆಯುತ್ತಾರೆ.

ಹಂತ 6: ಬಿಂದಿಗೆಯಲ್ಲಿ ಹುಡುಕಿ

ಹತ್ತು ಲೀಟರ್ ಹಿಡಿಯುವ ಬಿಂದಿಗೆಯಲ್ಲಿ ಎಷ್ಟು ಡ್ಯೂಟೀರಿಯಂ ಇದೆ? ನೀರಿನ ತೂಕದಲ್ಲಿ ಹೈಡ್ರೋಜನ್ನಿನ ಪಾಲು ಸುಮಾರು 11.2 ಶೇಕಡಾ. ಹತ್ತು ಕಿಲೋದಲ್ಲಿ 1,120 ಗ್ರಾಂ. ಅದರಲ್ಲಿ ಡ್ಯೂಟೀರಿಯಂ ಪರಮಾಣುಗಳು ಹತ್ತು ಸಾವಿರಕ್ಕೆ ಸುಮಾರು 1.56. ಒಂದೊಂದೂ ಎರಡು ಪಟ್ಟು ಭಾರ. ಗುಣಿಸಿದರೆ ಸುಮಾರು 0.35 ಗ್ರಾಂ. ಗುಣಿಸುವಾಗ ಆ ಎರಡು ಪಟ್ಟನ್ನು ಮರೆತು ಅರ್ಧ ಉತ್ತರ ಬರೆಯುವವರೇ ಹೆಚ್ಚು.

ಧೈರ್ಯವಿದ್ದರೆ ಕೃಷ್ಣರಾಜಸಾಗರದ ಲೆಕ್ಕವನ್ನೂ ಮಾಡಿ. ಅಣೆಕಟ್ಟೆ 124.80 ಅಡಿ ತುಂಬಿದಾಗ ಸುಮಾರು 49.45 ಟಿಎಂಸಿ ಅಡಿ ನೀರು. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,832 ಕೋಟಿ ಲೀಟರ್. ಉತ್ತರ ಸುಮಾರು 49 ಸಾವಿರ ಟನ್ ಡ್ಯೂಟೀರಿಯಂ ಬರುತ್ತದೆ. ಇಲ್ಲಿ ಬಳಸಿದ ಪ್ರಮಾಣ ಸಮುದ್ರದ ನೀರಿನದು. ಆವಿಯಾಗುವಾಗ ಹಗುರ ನೀರು ಮುಂದಾಗುವುದರಿಂದ ಮಳೆ, ನದಿಗಳ ನೀರಿನಲ್ಲಿ ಸಾಮಾನ್ಯವಾಗಿ ತುಸು ಕಡಿಮೆ ಇರುತ್ತದೆ. ಹಾಗಾಗಿ “ಅಂದಾಜು” ಎಂಬ ಪದವನ್ನು ಬಿಡಬೇಡಿ.

ಬಿಂದಿಗೆಯ ನೀರಿನಲ್ಲಿ ಭಾರಜಲದ, ಅಂದರೆ ಪ್ರೋಟಿಯಂ ಬದಲು ಡ್ಯೂಟೀರಿಯಂ ಇರುವ ನೀರಿನ, ಅಣುಗಳು ಬೇರೆಯಾಗಿ ತೇಲುತ್ತಿವೆ ಎಂದು ಭಾವಿಸಬೇಡಿ. ಎರಡೂ ಹೈಡ್ರೋಜನ್ ಡ್ಯೂಟೀರಿಯಂ ಆಗಿರುವ ಅಣು ಬಹಳ ಅಪರೂಪ. ಒಂದು ಪ್ರೋಟಿಯಂ, ಒಂದು ಡ್ಯೂಟೀರಿಯಂ ಇರುವ ಅಣುಗಳೇ ಹೆಚ್ಚು. ಶುದ್ಧ ಭಾರಜಲವನ್ನು ಕಷ್ಟಪಟ್ಟು ಬೇರ್ಪಡಿಸಬೇಕು. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1933ರಲ್ಲಿ ನೀರಿಗೆ ವಿದ್ಯುತ್ ಹರಿಸಿ, ಹಗುರ ಹೈಡ್ರೋಜನ್ ಮೊದಲು ಹೊರಟುಹೋಗುವಂತೆ ಮಾಡಿ, ಕೊನೆಗೆ ಉಳಿದ ಅಲ್ಪ ನೀರಿನಲ್ಲಿ ಅದನ್ನು ಪಡೆದರು. ಭಾರಜಲ 3.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, 101.4 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಮಂಜುಗಡ್ಡೆಯನ್ನು ಸಾಮಾನ್ಯ ನೀರಿಗೆ ಹಾಕಿದರೆ ಮುಳುಗುತ್ತದೆ. ನಮ್ಮ ರಾಜ್ಯದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ಭಾರಜಲವನ್ನೇ ನೆಚ್ಚಿಕೊಂಡಿವೆ. ಅದು ನ್ಯೂಟ್ರಾನುಗಳ ವೇಗ ತಗ್ಗಿಸುತ್ತದೆ, ಆದರೆ ಪ್ರೋಟಿಯಂನಷ್ಟು ಅವುಗಳನ್ನು ನುಂಗುವುದಿಲ್ಲ. ಅಪರೂಪಕ್ಕೆ ನುಂಗಿದ ಡ್ಯೂಟೀರಿಯಂ ಏನಾಗುತ್ತದೆ? ಎಣಿಸಿ ನೋಡಿ: ಟ್ರಿಟಿಯಂ.

ಹಂತ 7: ಬೆಳಕಿನಲ್ಲಿ ನೋಡುವುದು (ಪಿಯುಸಿ ಮತ್ತು ಮೇಲಿನವರಿಗೆ)

ಡ್ಯೂಟೀರಿಯಂ ಮೊದಲು ಸಿಕ್ಕಿದ್ದು ತಕ್ಕಡಿಯಲ್ಲಲ್ಲ, ಬೆಳಕಿನಲ್ಲಿ. ಹೆರಾಲ್ಡ್ ಯೂರಿ ಮತ್ತು ಸಂಗಡಿಗರು 1931ರಲ್ಲಿ ದ್ರವ ಹೈಡ್ರೋಜನ್ನನ್ನು ಆವಿಯಾಗಿಸಿ, ಉಳಿದ ಭಾಗದ ವರ್ಣಪಟಲದಲ್ಲಿ ಹೈಡ್ರೋಜನ್ನಿನ ಪ್ರತಿ ಗೆರೆಯ ಪಕ್ಕದಲ್ಲೂ ಮಂದವಾದ ಇನ್ನೊಂದು ಗೆರೆಯನ್ನು ಹುಡುಕಿದರು. ಯೂರಿಯವರಿಗೆ 1934ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನ್ಯೂಟ್ರಾನ್ ಇನ್ನೂ ಪತ್ತೆಯಾಗಿರದ ದಿನಗಳಲ್ಲಿ ಆದ ಶೋಧ ಇದು.

ಹೈಡ್ರೋಜನ್ನಿನ ಕೆಂಪು ಗೆರೆ 656.28 ನ್ಯಾನೊಮೀಟರಿನಲ್ಲಿದೆ, ಡ್ಯೂಟೀರಿಯಂನದು 656.10ರಲ್ಲಿ. ಬೀಜಕೇಂದ್ರ ಭಾರವಾದಷ್ಟೂ ಅದು ಎಲೆಕ್ಟ್ರಾನಿನ ಸೆಳೆತಕ್ಕೆ ಕಡಿಮೆ ಅಲುಗುತ್ತದೆ, ಗೆರೆ ತುಸು ಸರಿಯುತ್ತದೆ. 656.28ನ್ನು 1,836ರಿಂದ ಭಾಗಿಸಿ, ಅದೇ ಸಂಖ್ಯೆಯನ್ನು 3,670ರಿಂದ ಭಾಗಿಸಿ, ಎರಡರ ವ್ಯತ್ಯಾಸ ತೆಗೆಯಿರಿ. 0.18 ಬರುತ್ತದೆ. 3,670 ಎಂಬುದು ಡ್ಯೂಟೀರಿಯಂನ ಬೀಜಕೇಂದ್ರ ಎಲೆಕ್ಟ್ರಾನಿಗಿಂತ ಎಷ್ಟು ಪಟ್ಟು ಭಾರ ಎಂಬ ಸಂಖ್ಯೆ.

ಹಳೆಯ ಸಿಡಿ ಬಳಸಿ ಮಾಡುವ ರಟ್ಟಿನ ವರ್ಣದರ್ಶಕದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಹೈಡ್ರೋಜನ್ ವಿಸರ್ಜನ ನಳಿಕೆ ಇದ್ದರೆ ಉಪನ್ಯಾಸಕರ ಸಮ್ಮುಖದಲ್ಲಿ ಕೆಂಪು, ನೀಲಿ ಹಸಿರು, ನೇರಳೆ ಗೆರೆಗಳನ್ನು ಮಾತ್ರ ನೋಡಿ ಬನ್ನಿ. ಆ ನಳಿಕೆಗೆ ಸಾವಿರಾರು ವೋಲ್ಟ್ ಬೇಕಾಗುತ್ತದೆ, ನೀವೇ ಜೋಡಿಸಲು ಹೋಗಬೇಡಿ.

ಹಂತ 8: ಮೇಜಿನ ಮೇಲೆ ಏನು ಇಡಬೇಕು

ಮೂರು ತಟ್ಟೆಗಳಲ್ಲಿ ಮಣಿಗಳು. ಪ್ರೋಟಾನಿಗೆ ಕೆಂಪು, ನ್ಯೂಟ್ರಾನಿಗೆ ಬೂದು, ಎರಡೂ ಒಂದೇ ಗಾತ್ರ. ನ್ಯೂಟ್ರಾನಿನ ಮಣಿಯನ್ನು ದೊಡ್ಡದು ಮಾಡುವುದು ಬೇಡ. ಅದು ಹೆಚ್ಚು ಭಾರ ಇರುವುದು ನೂರಕ್ಕೆ 0.14ರಷ್ಟು. ಪ್ರತಿ ತಟ್ಟೆಯ ಮುಂದೆ ನಾಲ್ಕನೇ ಹಂತದ ಲೆಕ್ಕವನ್ನು ನಿಮ್ಮ ಕೈಬರಹದಲ್ಲೇ ಇಡಿ, ಕೊರತೆಯ ಸಂಖ್ಯೆಗೆ ಕೆಂಪು ಶಾಯಿ. ಹಿಂದೆ ಮೈದಾನದ ಫೋಟೊ. ಬಿಂದಿಗೆ ಸಿಕ್ಕರೆ ನೀರು ತುಂಬಿ ಪಕ್ಕದಲ್ಲಿಟ್ಟು “ಇದರಲ್ಲಿ ಅಂದಾಜು 0.35 ಗ್ರಾಂ ಡ್ಯೂಟೀರಿಯಂ” ಎಂಬ ಚೀಟಿ ಅಂಟಿಸಿ. ಜನ ನಿಲ್ಲುವುದು ಅದರ ಮುಂದೆಯೇ.

ಹೈಡ್ರೋಜನ್ ಅನಿಲವನ್ನು ತಯಾರಿಸಿ ತೋರಿಸಬೇಕೆಂಬ ಹಂಬಲ ಹಲವರಿಗೆ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಹಾಕುವ ಪ್ರಯೋಗ ಬೇಡ. ದ್ರಾವಣ ಕುದಿದು ಕಣ್ಣಿಗೆ ಸಿಡಿಯುತ್ತದೆ. ಬಲೂನಿಗೆ ತುಂಬುವುದು ಬೇಡವೇ ಬೇಡ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಎಷ್ಟು ಬೆರೆತರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ತೋರಿಸಲೇಬೇಕೆಂದರೆ ಅಗಲ ಬಾಯಿಯ ಗಾಜಿನ ಲೋಟದಲ್ಲಿ ನೀರು, ಒಂದು ಚಮಚ ವಾಷಿಂಗ್ ಸೋಡಾ, ಎರಡೂ ತುದಿ ಹೆರೆದ ಎರಡು ಪೆನ್ಸಿಲ್, 9 ವೋಲ್ಟ್ ಬ್ಯಾಟರಿ. ಋಣ ತುದಿಯಲ್ಲಿ ಏಳುವ ಗುಳ್ಳೆ ಹೈಡ್ರೋಜನ್, ಧನ ತುದಿಯಲ್ಲಿ ಏಳುವುದು ಆಕ್ಸಿಜನ್, ಮೊದಲನೆಯದು ಸುಮಾರು ಎರಡು ಪಟ್ಟು. ಲೋಟದ ಬಾಯಿ ತೆರೆದೇ ಇರಲಿ, ಅನಿಲವನ್ನು ಹಿಡಿಯಬೇಡಿ, ಹತ್ತಿರ ಕಡ್ಡಿ ಗೀರಬೇಡಿ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಎಂಬ ವಿಷಾನಿಲ ಬರುತ್ತದೆ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ.

ತೀರ್ಪುಗಾರರು ಸಾಮಾನ್ಯವಾಗಿ ಕೇಳುವ ಕೊನೆಯ ಪ್ರಶ್ನೆ ಹೈಡ್ರೋಜನ್ ಬಾಂಬು ಮತ್ತು ಸಮ್ಮಿಲನದ ಬಗ್ಗೆ. ಸಮ್ಮಿಲನ ಎಂದರೆ ಎರಡು ಹಗುರ ಬೀಜಕೇಂದ್ರಗಳು ಸೇರಿ ಒಂದಾಗುವುದು. ಬಾಂಬಿನಲ್ಲಿ ಉರಿಯುವುದು ಸಾಮಾನ್ಯ ಹೈಡ್ರೋಜನ್ ಎಂದು ಉತ್ತರಿಸಬೇಡಿ. ಅಲ್ಲಿಯೂ, ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಐಟಿಇಆರ್ ಸ್ಥಾವರದ ಯೋಜನೆಯಲ್ಲೂ ಮುಖ್ಯವಾದದ್ದು ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿ ಹೀಲಿಯಂ-4 ಹಾಗೂ ಒಂದು ನ್ಯೂಟ್ರಾನ್ ಆಗುವ ಕ್ರಿಯೆ. ಹೀಲಿಯಂ-4ರ ಪರಮಾಣು ರಾಶಿ 4.002602 ಯು. ಉಳಿದ ಮೂರು ಸಂಖ್ಯೆಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ಈಗಾಗಲೇ ಇವೆ. ಮೊದಲಿನ ಎರಡನ್ನು ಕೂಡಿ, ನಂತರದ ಎರಡನ್ನು ಕೂಡಿ, ಕಳೆದು, 931.5ರಿಂದ ಗುಣಿಸಿ. 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಬಂದರೆ ನಿಮ್ಮ ಲೆಕ್ಕ ಸರಿ. ತೀರ್ಪುಗಾರರ ಎದುರೇ ಮಾಡಿ ತೋರಿಸಿ.